ಗೆರೆಯವರೆಗೆ ನೀರು

ಗುಳು ಗುಳು, ಗುಳು ಗುಳು. ಮಕ್ಕಳ ವಾರ್ಡಿನೊಳಗೆ ಕಾಲಿಡುವ ಮೊದಲು ಡಾಕ್ಟರ್ ಜೋಬೈದಾ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಹೊರಗಿನವರ ಕಿವಿಗೆ ಅದು ಒಂದೇ ಸದ್ದು, ಮದುವೆಮನೆಯ ಹಿತ್ತಲಲ್ಲಿ ಹಲವು ಒಲೆಗಳ ಮೇಲೆ ಅನ್ನ ಕುದಿಯುವಂಥದು. ಅವಳಿಗೆ ಮಾತ್ರ ಒಂದೊಂದು ಬಾಟಲಿಯದೂ ಬೇರೆ ಬೇರೆ ದನಿ. ಯಾವ ಮಗು ನಿದ್ದೆ ಹೋಗಿದೆ, ಯಾವುದು ಉಸಿರಿಗಾಗಿ ಗುದ್ದಾಡುತ್ತಿದೆ ಎಂಬುದು ಹಾಸಿಗೆಯ ಬಳಿ ಹೋಗುವ ಮೊದಲೇ ಅವಳಿಗೆ ಅರ್ಧ ತಿಳಿದಿರುತ್ತದೆ.

ಆ ಬೆಳಗ್ಗೆ ಕಿಟಕಿ ಪಕ್ಕದ ಹಾಸಿಗೆಯ ದನಿ ಸರಿಯಿರಲಿಲ್ಲ. ದಪ್ಪಗೆ, ತಡೆದು ತಡೆದು ಬರುತ್ತಿತ್ತು, ಹೊಟ್ಟೆ ಬಿರಿಯೆ ಉಂಡವನು ತೇಗಿದ ಹಾಗೆ.

ಹೊರಗೆ ಮಾಘದ ಮಂಜು ಕಿಟಕಿಯ ಸರಳಿಗೇ ಬಂದು ತಾಗಿತ್ತು. ಮಳೆಗಾಲದಲ್ಲಿ ಕಡಲಾಗಿ, ಚಳಿಗಾಲದಲ್ಲಿ ಗದ್ದೆಯಾಗುವ ಹಾವೊರ್ ಬಯಲಿನ ಹಳ್ಳಿಗಳಿಂದ ಈ ತಿಂಗಳಲ್ಲಿ ಎದೆ ಕಟ್ಟಿದ ಮಕ್ಕಳು ಒಂದರ ಹಿಂದೆ ಒಂದು ಬರುತ್ತವೆ. ಕಿಟಕಿ ಪಕ್ಕದ ಮಗುವಿನ ಹೆಸರು ಮೊಯ್ನಾ. ಇನ್ನೂ ಹಲ್ಲು ಬಂದಿಲ್ಲ. ತಾಯಿ ರಹೇಲಾ ಹಾಸಿಗೆಯ ತುದಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ತಾಯಿ, ಮುದುಕಿ ಅಂಬಿಯಾ ಖಾತುನ್, ಮಗುವಿನ ಪಾದಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಟ್ಟುಕೊಂಡು ನೆಲದ ಮೇಲೆ ಕುಳಿತಿದ್ದಳು. ಬಂದಾಗಿನಿಂದ ಮೊಯ್ನಾ ಒಮ್ಮೆಯೂ ಅತ್ತಿರಲಿಲ್ಲ. ಉಸಿರಾಡುವುದಕ್ಕೇ ಇಡೀ ಮೈಯನ್ನು ಖರ್ಚು ಮಾಡುವ ಮಗುವಿಗೆ ಅಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಜೋಬೈದಾ ಬಾಟಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೀರು ಕೆಂಪು ಗೆರೆಗಿಂತ ಎರಡು ಬೆರಳು ಮೇಲಿತ್ತು.

ಆ ಬಾಟಲಿ ಅವಳದೇ ಕೆಲಸ. ಬೋರೆಹಣ್ಣಿನ ಉಪ್ಪಿನಕಾಯಿ ತುಂಬಿ ಮಾರುವ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ, ಎರಡು ನಳಿಕೆ, ಉಗುರುಬಣ್ಣದಲ್ಲಿ ಎಳೆದ ಒಂದು ಗೆರೆ. ಸಿಲಿಂಡರಿನಿಂದ ಆಕ್ಸಿಜನ್ ಮಗುವಿನ ಮೂಗಿಗೆ ಹೋಗುತ್ತದೆ. ಮೂಗಿನಿಂದ ಹೊರಟ ಇನ್ನೊಂದು ನಳಿಕೆಯ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಮಗು ಬಿಟ್ಟ ಉಸಿರು ನೀರನ್ನು ತಳ್ಳಿಕೊಂಡು ಗುಳ್ಳೆಯಾಗಿ ಹೊರಬರಬೇಕು. ಆ ಒತ್ತು ಹಿಂದಕ್ಕೆ ತಾಗಿ, ಮುದುಡಿಹೋಗುವ ಪುಟ್ಟ ಶ್ವಾಸಕೋಶವನ್ನು ತೆರೆದು ಹಿಡಿಯುತ್ತದೆ. ನೀರು ಗೆರೆಗಿಂತ ಕೆಳಗಿಳಿದರೆ ಒತ್ತು ಸಾಲದು. ಗೆರೆಗಿಂತ ಮೇಲೇರಿದರೆ ಅದೇ ಒತ್ತು ಶ್ವಾಸಕೋಶವನ್ನು ಹರಿಯಬಹುದು.

ಹೋದ ವಾರ ದೋಣಿಯವನೊಬ್ಬನ ಮಗ ಸೊಹಾಗ್ ಹಾಗೆಯೇ ಹೋಗಿದ್ದ. ಹುಷಾರಾಗುತ್ತಿದ್ದ ಹುಡುಗ. ಹಾಲು ಕುಡಿದಿದ್ದ. ಇದ್ದಕ್ಕಿದ್ದಂತೆ ಎದೆಯ ಒಂದು ಬದಿ ಉಬ್ಬಿಕೊಂಡಿತು. ಒಳಗೆ ಸೋರಿದ ಗಾಳಿಯನ್ನು ಸೂಜಿ ಚುಚ್ಚಿ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ರೋಗವೇ ಹಾಗೆ ಮಾಡಿತೋ, ಬಾಟಲಿ ಮಾಡಿತೋ? ಅಂದಿನಿಂದ ಅವಳು ಕಣ್ಣು ಮುಚ್ಚಿದರೆ ಗುಳ್ಳೆಗಳೇ. ಊಟಕ್ಕೆ ಕೂತರೆ ತಟ್ಟೆಯ ದಾಲ್ ಕೂಡ ಗುಳುಗುಟ್ಟಿದಂತೆ ಕೇಳುತ್ತಿತ್ತು. ಸುದ್ದಿ ಜಿಲ್ಲೆಯ ಆರೋಗ್ಯ ಕಚೇರಿಗೂ ಹೋಗಿತ್ತು. ಅಲ್ಲಿಂದ ಡಾಕ್ಟರ್ ಇಕ್ರಾಮ್ ಇಂದು ಮಧ್ಯಾಹ್ನ ಬರುವವನಿದ್ದ. ಬಾಟಲಿಗಳು ಇರಬೇಕೋ ಹೋಗಬೇಕೋ ಎಂದು ಅವನು ಹೇಳಬೇಕು. ಹೋದರೆ ಈ ಹಾಸಿಗೆಗಳ ಮಕ್ಕಳಿಗೆ ಬೇರೇನೂ ಇರಲಿಲ್ಲ.

ಸಿರಿಂಜಿನಿಂದ ನೀರು ಹೀರಿ ತೆಗೆದಳು. ಗೆರೆಗೆ ಬಂದ ಕೂಡಲೇ ದನಿ ಹಗುರಾಯಿತು. ಮೊಯ್ನಾಳ ಎದೆಯ ಎರಡೂ ಬದಿಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದಳು. ಮತ್ತೊಮ್ಮೆ ಕೇಳಿದಳು. ಎರಡು ಕಡೆಯೂ ಗಾಳಿ ಆಡುತ್ತಿತ್ತು. ಇನ್ನೂ ಏನೂ ಹರಿದಿರಲಿಲ್ಲ.

"ಕಾಕಲಿ ದೀದಿ, ಇದಕ್ಕೆ ನೀರು ಹಾಕಿದ್ದು ಯಾರು?"

ವಾರ್ಡಿನ ಹಿರಿಯ ನರ್ಸ್ ಕಾಕಲಿ ಬಿಡುವಾದಾಗಲೆಲ್ಲ ಮಕ್ಕಳಿಗೆ ಉಣ್ಣೆಯ ಟೊಪ್ಪಿ ಹೆಣೆಯುತ್ತಿದ್ದಳು. ಕಡ್ಡಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಬಂದಳು.

"ನಾನಲ್ಲ ಆಪಾ. ಬಂದ ತಕ್ಷಣ ನೋಡ್ದೆ, ಗೆರೆಗಿಂತ ಕೆಳಗಿರ್ಲಿಲ್ಲ. ಮುಟ್ಟಲಿಲ್ಲ."

"ಮೇಲಿತ್ತಲ್ಲ ದೀದಿ!"

"ಮೇಲಿದ್ರೇನು? ಕೆಳಗೆ ಇಳೀಬಾರ್ದು ಅಂತ ನೀವೇ ಅಲ್ವಾ ಪಾಠ ಮಾಡಿದ್ದು? ಗೋಡೆ ಮೇಲೆ ಬೇರೆ ಬರೆಸಿದೀರ. ಓದೋಕೆ ಬರ್ದೇ ಇರೋರೂ ಬಾಯಿಪಾಠ ಹೇಳ್ತಾರೆ."

ಜೋಬೈದಾ ತಲೆಯೆತ್ತಿ ಗೋಡೆ ನೋಡಿದಳು. ನೀಲಿ ಬಣ್ಣದಲ್ಲಿ, ಅವಳದೇ ಅಕ್ಷರ: ನೀರು ಕೆಂಪು ಗೆರೆಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ನೀರು ಆರಿಹೋಗುತ್ತದೆ, ಚೆಲ್ಲುತ್ತದೆ ಎಂಬುದಷ್ಟೇ ಆಗ ಹೆದರಿಕೆ. ಬಾಟಲಿಯ ನೀರು ತಾನಾಗಿ ಹೆಚ್ಚುತ್ತದೆಂದು ಯಾರಾದರೂ ಎಣಿಸುತ್ತಾರೆಯೇ?

ಉಳಿದ ಬಾಟಲಿಗಳನ್ನೂ ನೋಡಿದಳು. ಬಾಗಿಲ ಬಳಿಯದರಲ್ಲೂ ನೀರು ಗೆರೆ ದಾಟಿತ್ತು. ನರ್ಸುಗಳು ಹಾಕಿಲ್ಲ, ಆಯಾ ಹಾಕಿಲ್ಲ. ನಳಿಕೆಯಲ್ಲಿ ಉಸಿರಿನ ಪಸೆ ಕಟ್ಟಿ ಇಳಿದಿರಬಹುದೇ? ಅಷ್ಟೊಂದೇ? ಗೆರೆ ಎಳೆದಾಗಲೇ ತಾನು ತಪ್ಪಿದೆನೇ? ಒಂದೊಂದು ಪ್ರಶ್ನೆಯೂ ಸೊಹಾಗನ ಉಬ್ಬಿದ ಎದೆಯ ಬಳಿಗೇ ಹೋಗಿ ನಿಲ್ಲುತ್ತಿತ್ತು.

ಅವಳ ತಂದೆ ಹಶ್ಮತ್ ಮಿಸ್ತ್ರಿ ಗದ್ದೆಗೆ ನೀರೆತ್ತುವ ಪಂಪುಗಳ ರಿಪೇರಿಯವನು. ಚಳಿಗಾಲ ಬಂತೆಂದರೆ ಅವನಿಗೆ ಕೂರಲು ಪುರುಸೊತ್ತಿಲ್ಲ. ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಸೈಕಲ್ಲಿನ ಹಿಂದೆ ಕೂತು ಅವನೊಡನೆ ಬದುಗಳ ಮೇಲೆ ಅಲೆದ ಮಗಳಿಗೂ ಆ ಕಿವಿ ಅಂಟಿತು. "ಇಂಜಿನ್ ಸುಳ್ಳು ಹೇಳಲ್ಲ ಮಗಳೇ," ಎನ್ನುತ್ತಿದ್ದ ಅವನು, "ಹೇಳಿದ್ರೆ ಅದರ ಮಾಲೀಕ ಹೇಳ್ತಾನೆ. ಎಣ್ಣೆ ಬದಲಾಯಿಸಿದೀನಿ ಅಂತ ಆಣೆ ಇಡ್ತಾನೆ. ಬಿಚ್ಚಿ ನೋಡಿದ್ರೆ ಕಾಡಿಗೆ!" ಮಯ್ಮನ್‌ಸಿಂಗ್‌ನಲ್ಲಿ ವೈದ್ಯಕೀಯ ಓದಿ ಅವಳು ಈ ಸಣ್ಣ ಆಸ್ಪತ್ರೆಗೆ ಬಂದಾಗ, ಉಸಿರಾಟದ ದೊಡ್ಡ ಯಂತ್ರಗಳು ಹೂವಿನ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿದ್ದವು. ಯಾವುದೋ ದೇಶದವರು ದಾನ ಕೊಟ್ಟದ್ದು. ಒಂದು ಸಣ್ಣ ಬಿಡಿಭಾಗ ಕೆಟ್ಟಿತ್ತು. ಅದು ಈ ದೇಶದಲ್ಲಿ ಸಿಗುತ್ತಿರಲಿಲ್ಲ. ಯಂತ್ರದ ಮೇಲೆ ಯಾರೋ ಹೂಜಿ ಇಟ್ಟಿದ್ದರು. ಅದರ ಬುಡದಲ್ಲೇ ಮಕ್ಕಳು ಸಾಯುತ್ತಿದ್ದವು.

ಅವಳು ಉಪ್ಪಿನಕಾಯಿ ಬಾಟಲಿಗಳನ್ನು ಕೂಡಿಹಾಕತೊಡಗಿದಳು. ಗಂಡ ಮಾಹ್ಫುಜ್ ಊರಿನ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾನೆ. "ಮದುವೆಯಾದ ಮೊದಲ ವರ್ಷ ಇಡೀ ನಾನು ಬೋರೆಹಣ್ಣಿನ ಉಪ್ಪಿನಕಾಯಿ ತಿಂದೆ. ಖಿಚುಡಿಗೂ ಅದೇ, ಮಂಡಕ್ಕಿಗೂ ಅದೇ. ವಿಜ್ಞಾನಕ್ಕೆ ನನ್ನ ಹೊಟ್ಟೆ ಕೊಟ್ಟಿದೀನಿ," ಎಂದು ಬಂದವರ ಮುಂದೆಲ್ಲ ಹೇಳುತ್ತಾನೆ. ಪೇಟೆಯವರು ಅವಳಿಗೆ ಉಪ್ಪಿನಕಾಯಿ ಡಾಕ್ಟರ್ ಎಂದೇ ಹೆಸರಿಟ್ಟರು. ಮೊದಲು ನಗುತ್ತಾ ಅಂದರು. ಮಕ್ಕಳು ಬದುಕತೊಡಗಿದ ಮೇಲೆ ನಗದೆಯೂ ಅಂದರು.

ಸುತ್ತು ಮುಗಿಸಿ ಜೋಬೈದಾ ಜಗುಲಿಗೆ ಬಂದು ಕೂತಳು. ಕಂಬದ ಬಳಿ ಒಲೆಯಿಟ್ಟುಕೊಂಡಿದ್ದ ಚಹಾದವಳು ಕೇಳದೆಯೇ ಲೋಟ ಕೊಟ್ಟಳು. ಬೆನ್ನ ಹಿಂದೆಯೇ ಮೊಯ್ನಾಳ ಕಿಟಕಿ. ಗುಳು ಗುಳು, ಗುಳು ಗುಳು. ಇಕ್ರಾಮ್ ಬಂದರೆ ಏನು ಹೇಳಲಿ? ಗೊತ್ತಿಲ್ಲ ಎನ್ನಲೇ? ಗೊತ್ತಿಲ್ಲದ್ದನ್ನು ಮಕ್ಕಳ ಮೂಗಿಗೆ ಏಕೆ ಕಟ್ಟಿದೆ ಎಂದರೆ? ಅವಳು ಲೋಟವನ್ನು ತುಟಿಗೆ ತಂದಳು. ಕುಡಿಯಲಿಲ್ಲ.

ಹಿಂದೆ ದನಿ ದಪ್ಪಗಾಗುತ್ತಿತ್ತು.

ಲೋಟ ಎಲ್ಲಿಟ್ಟಳೋ ಅವಳಿಗೇ ತಿಳಿಯದು. ಒಳಗೆ ಓಡಿ ಬಂದಾಗ ಅಂಬಿಯಾ ಖಾತುನ್ ಬಾಟಲಿಯ ಮೇಲೆ ಬಾಗಿ ನಿಂತಿದ್ದಳು. ಕೈಯಲ್ಲಿ ಕೆಮ್ಮಿನ ಔಷಧಿಯ ಹಳೆಯ ಸೀಸೆ. ತುಟಿಗಳು ಅಲುಗುತ್ತಿದ್ದವು. ಗಾಳಿ ಹೋಗಲೆಂದು ಮುಚ್ಚಳದಲ್ಲಿ ಬಿಟ್ಟ ಕಿಂಡಿಯೊಳಗೆ ಸೀಸೆಯ ನೀರನ್ನು ತೊಟ್ಟು ತೊಟ್ಟಾಗಿ, ಒಂದು ಹನಿಯೂ ಹೊರಗೆ ಬೀಳದಂತೆ ಸುರಿಯುತ್ತಿದ್ದಳು.

ಕಾಕಲಿಯೂ ಅದೇ ಹೊತ್ತಿಗೆ ಅದನ್ನು ನೋಡಿದಳು. "ಅಯ್ಯೋ ಮುದುಕಿ! ಏನ್ ಮಾಡ್ತಿದೀಯ? ಕೊಳದ ನೀರು ತಂದು ಹಾಕ್ತೀಯಲ್ಲ, ಬುದ್ಧಿ ಇದೆಯಾ ನಿಂಗೆ?"

"ಕೊಳದ್ದಲ್ಲ!" ಅಂಬಿಯಾ ಖಾತುನ್ ಸೀಸೆಯನ್ನು ಎದೆಗೊತ್ತಿಕೊಂಡಳು. "ನಮ್ಮ ಮಸೀದಿ ಹುಜೂರ್ ಕುರಾನ್ ಓದಿ, ಉಸಿರೂದಿ ಕೊಟ್ಟ ನೀರಿದು. ಅಷ್ಟು ದೂರದಿಂದ ತಂದಿದೀನಿ."

ಜೋಬೈದಾ ಸಿರಿಂಜು ತೆಗೆದು ನೀರನ್ನು ಗೆರೆಗೆ ಇಳಿಸಿದಳು. ಮಗುವಿನ ಎದೆಗೆ ಕಿವಿಗೊಟ್ಟಳು. ಆಮೇಲೆಯೇ ಮುದುಕಿಯ ಕಡೆ ತಿರುಗಿದ್ದು.

"ಖಾಲಾ, ಯಾಕೆ ಇದರೊಳಗೆ ಹಾಕಿದ್ರಿ?"

"ಕುಡಿಸೋಣ ಅಂದ್ರೆ ಮುಖದ ತುಂಬ ನಳಿಗೆ ಕಟ್ಟಿದೀರಲ್ಲ ಮಾ. ಇಲ್ಲಿ ನೋಡು, ಮಗೀನ ಉಸಿರು ಕಣ್ಣಿಗೆ ಕಾಣ್ತದೆ. ಇಲ್ಲೇ ಹಾಕಿದ್ರೆ ನೇರ ಉಸಿರಿಗೇ ತಾಗ್ತದೆ ಅಂತ. ನೀರು ಇಳೀಬಾರ್ದು ಅಂತ ನೀವೂ ಹೇಳ್ತಿರ್ತೀರಲ್ಲ. ನಾನು ಇಳಿಯೋಕೆ ಬಿಟ್ಟಿಲ್ಲ."

"ನೀವೊಬ್ಬರೇನಾ ಹಾಕೋದು?"

"ಎಲ್ರೂ ಹಾಕ್ತಾರೆ. ನಂಗೇನು ಗೊತ್ತಿತ್ತು? ನಾವು ಬಂದ ದಿನ ಆ ದೋಣಿಯವನ ತಾಯಿ, ಸೊಹಾಗನ ಅಜ್ಜಿ, ಅವಳೇ ತೋರಿಸ್ಕೊಟ್ಟಿದ್ದು. ಪುಣ್ಯಾತ್ಗಿತ್ತಿ, ತನ್ನ ಸೀಸೇಲಿ ಉಳಿದಿದ್ದನ್ನೂ ನಮಗೇ ಕೊಟ್ಲು."

ಕಾಕಲಿ ಬಾಯಿ ತೆರೆದವಳು ಜೋಬೈದಾಳ ಮುಖ ನೋಡಿ ಮುಚ್ಚಿಕೊಂಡಳು. ಮುದುಕಿ ಒಬ್ಬರಿಂದೊಬ್ಬರಿಗೆ ಕಣ್ಣು ಹಾಯಿಸಿದಳು. ಅವಳ ಕೈಯಲ್ಲಿದ್ದ ಸೀಸೆ ನಿಧಾನವಾಗಿ ಕೆಳಗಿಳಿಯಿತು.

"ತಪ್ಪಾಯ್ತಾ ಡಾಕ್ಟರ್ ಮಾ?"

ಹೌದೆಂದರೆ ಈ ಹೆಂಗಸು ಇನ್ನು ಬದುಕಿರುವವರೆಗೆ ನೀರಿನ ಲೋಟ ಮುಟ್ಟುವಾಗಲೆಲ್ಲ ನಡುಗುತ್ತಾಳೆ. ಈ ಮಾತು ದೋಣಿಯವನ ಮನೆಗೂ ಹೋಗಿ ಮುಟ್ಟುತ್ತದೆ. ಜೋಬೈದಾ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನಿಮ್ಮದು ತಪ್ಪಲ್ಲ ಖಾಲಾ. ತಪ್ಪು ಈ ಬಾಟಲೀದು. ಈಗ ನೋಡಿ, ಸಸಿ ನೆಟ್ಟ ಗದ್ದೆಗೆ ನೀರು ಬೇಕು. ಆದ್ರೆ ಸಸಿ ತಲೆ ಮುಳುಗೋಷ್ಟು ನಿಂತ್ರೆ?"

"ಕೊಳೀತದೆ."

"ಅದಕ್ಕೆ ನೀವೇನ್ ಮಾಡ್ತೀರಿ? ಬರೋ ನೀರನ್ನ ಬೇಡ ಅನ್ನಲ್ಲ. ಬದುವಿನಲ್ಲಿ, ಬೇಕಾದ ಎತ್ತರಕ್ಕೆ ಒಂದು ಕಂಡಿ..."

ಅವಳ ಮಾತು ಅಲ್ಲಿಗೇ ನಿಂತಿತು. ಬಾಟಲಿಯನ್ನು ನೋಡಿದಳು. ಕಾಕಲಿಯ ಕಂಕುಳನ್ನು ನೋಡಿದಳು.

"ದೀದಿ, ಆ ಕಡ್ಡಿ ಕೊಡಿ."

"ಯಾಕೆ? ಟೊಪ್ಪಿ ಅರ್ಧ ಆಗಿದೆ, ಹೆಣಿಗೆ ಬಿಚ್ಚೋಗ್ತದೆ!"

"ಬಿಚ್ಚೋಗ್ಲಿ ಕೊಡಿ."

ಜಗುಲಿಯ ಚಹಾ ಒಲೆಯಲ್ಲಿ ಕಡ್ಡಿಯ ತುದಿ ಕೆಂಪಗೆ ಕಾಯಿತು. ಒಂದು ಖಾಲಿ ಬಾಟಲಿಯ ಗೆರೆಯ ಮೇಲೆ ಅದನ್ನು ಒತ್ತಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಎದ್ದು ಚಹಾದವಳು ಮೂಗು ಮುಚ್ಚಿಕೊಂಡು, "ನನ್ನ ಗಿರಾಕಿಗಳನ್ನ ಓಡಿಸ್ತೀರಿ ಆಪಾ!" ಎಂದಳು. ತೂತಿಗೆ ಸಣ್ಣ ನಳಿಕೆ, ನಳಿಕೆಯ ತುದಿಗೆ ಒಂದು ಬಟ್ಟಲು. ಜೋಬೈದಾ ತಾನೇ ಮೇಲಿಂದ ಲೋಟಗಟ್ಟಲೆ ನೀರು ಸುರಿದು ನೋಡಿದಳು. ಎಷ್ಟು ಸುರಿದರೂ ಹೆಚ್ಚಿನದೆಲ್ಲ ಬಟ್ಟಲಿಗೆ ಜಾರಿತು. ಒಳಗಿನ ನೀರು ಗೆರೆ ಬಿಟ್ಟು ಕದಲಲಿಲ್ಲ.

"ಹಾಕಬೇಡಿ ಅಂತ ಗದರಿದ್ರೆ ಮುಗೀತಿತ್ತಲ್ಲ," ಎಂದಳು ಕಾಕಲಿ, ಬಿಚ್ಚಿಹೋದ ಟೊಪ್ಪಿಯನ್ನು ನೋಡುತ್ತ.

"ಎದುರಿಗೆ ಹಾಕಲ್ಲ. ಬೆನ್ನು ತಿರುಗಿಸಿದ್ರೆ ಹಾಕ್ತಾರೆ. ನನ್ನ ಅಮ್ಮ ಆಗಿದ್ರೂ ಹಾಕ್ತಿದ್ಲು ದೀದಿ."

ಮೊಯ್ನಾಳ ನಳಿಕೆಯನ್ನು ಹೊಸ ಬಾಟಲಿಗೆ ಹಾಕಿದರು. ಅಂಬಿಯಾ ಖಾತುನ್ ದೂರ ನಿಂತಿದ್ದಳು. ಸೀಸೆಯನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದಳು.

"ಉಳಿದಿದ್ದನ್ನ ಹಾಕಿ ಖಾಲಾ," ಎಂದಳು ಜೋಬೈದಾ.

ಮುದುಕಿ ಕದಲಲಿಲ್ಲ. ಜೋಬೈದಾ ಅವಳ ಮೊಣಕೈ ಹಿಡಿದು ಕರೆತಂದಳು. ನೀರು ಕಿಂಡಿಯೊಳಗೆ ಇಳಿಯಿತು. ಇಬ್ಬರೂ ಉಸಿರು ಹಿಡಿದು ನೋಡಿದರು. ದನಿ ಬದಲಾಗಲಿಲ್ಲ. ಬಟ್ಟಲಿಗೆ ಒಂದೊಂದೇ ಹನಿ ಬಿತ್ತು.

"ಹೊರಗೆ ಬಂದ ನೀರನ್ನ ಏನ್ ಮಾಡೋದು?" ಮುದುಕಿ ಪಿಸುಗುಟ್ಟಿದಳು. "ಚೆಲ್ಲೋ ಹಾಗಿಲ್ಲ."

"ಹುಜೂರರ ಉಸಿರೂ ಇದೆ, ಮೊಯ್ನಾ ಉಸಿರೂ ಇದೆ. ಹಣೆಗೆ ಹಚ್ಚಿ. ಹಣೆಗೆ ಮಾತ್ರ, ಬಾಯಿಗಲ್ಲ."

ಇಕ್ರಾಮ್ ಬಂದಾಗ ಮಂಜು ಹರಿದು, ಬಿಸಿಲು ಜಗುಲಿಗೆ ತಾಗಿತ್ತು. ಮಯ್ಮನ್‌ಸಿಂಗ್‌ನಲ್ಲಿ ಅವನು ಅವಳಿಗಿಂತ ಕಿರಿಯ. ಅವಳು ಬಳಸಿ ಬಿಟ್ಟ ಪುಸ್ತಕಗಳಲ್ಲೇ ಓದಿ ಪಾಸಾದವನು. ಕುತ್ತಿಗೆಗೆ ಸುತ್ತಿದ ಮಫ್ಲರ್ ಬಿಚ್ಚುತ್ತ, "ಆಪಾ, ಉಪ್ಪಿನಕಾಯಿ ಹೇಗಿದೆ?" ಎಂದು ಹಳೆಯ ತಮಾಷೆಯನ್ನೇ ಮಾಡಿದ. ಅವಳು ನಗದಿದ್ದುದನ್ನು ನೋಡಿ ಅವನ ಮುಖವೂ ಸಣ್ಣದಾಯಿತು.

"ಮೇಲಿನವರು ನಿಲ್ಲಿಸಿ ಅಂತಲೇ ಹೇಳಿ ಕಳಿಸಿದಾರೆ. ನೀವೇನಾದ್ರೂ ಕಾರಣ ಕೊಟ್ರೆ ಮಾತ್ರ ನಾನು ಏನಾದ್ರೂ ಮಾಡಬಲ್ಲೆ."

ಅವಳು ಎಲ್ಲವನ್ನೂ ಹೇಳಿದಳು. ಗೋಡೆಯ ಬರಹದಿಂದ ಹಿಡಿದು ಬಟ್ಟಲಿನವರೆಗೆ. ಒಳಗೆ ಕರೆದೊಯ್ದು ತೋರಿಸಿದಳು. ಮತ್ತೆ ಜಗುಲಿಗೆ ಬಂದಾಗ ಇಕ್ರಾಮನ ಹೆಗಲು ಹಗುರಾದಂತಿತ್ತು.

"ಅಲ್ಲ ಆಪಾ, ಇದನ್ನ ಹೇಳೋಕೆ ಇಷ್ಟು ಸಪ್ಪೆ ಮುಖ ಯಾಕೆ? ಬಾಟಲಿ ಸರಿಯಾಗೇ ಇತ್ತು. ಮನೆಯವರು ನೀರು ಸುರಿದ್ರು. ಆ ಹುಡುಗನ ಅಜ್ಜಿ ಹೌದು ಅಂತ ಒಂದು ಮಾತು ಹೇಳಿದ್ರೆ ಸಾಕು, ನಿಮ್ಮ ಬಾಟಲಿನ ಯಾರೂ ಮುಟ್ಟಲ್ಲ. ನಾಳೆನೇ ನಾನು ಅವರ ಊರಿಗೆ..."

"ಆ ಮನೆಗೆ ಯಾರೂ ಹೋಗಕೂಡದು."

"ಆಪಾ."

"ಮೊಮ್ಮಗನ್ನ ಉಳಿಸಿಕೊಳ್ಳೋಕೆ ಹಾಕಿದ ನೀರು ಇಕ್ರಾಮ್. ಅದೇ ಅವನನ್ನ ತಿಂತು ಅಂತ ಅವಳಿಗೆ ನೀನು ಹೇಳ್ತೀಯಾ? ಅದೂ ನಮಗೇ ಖಾತ್ರಿ ಇಲ್ಲದ್ದನ್ನ? ಸುರಿಯೋಕೆ ಆಗೋ ಬಾಟಲಿ ಮಾಡಿದ್ದು ನಾನು. ಇಳೀಬಾರ್ದು ಅಂತ ಬರೆಸಿದ್ದು ನಾನು. ಏರಬಾರದು ಅಂತ ಬರೆಸ್ಲಿಲ್ಲ. ಅದರ ಮಾಲೀಕಳು ನಾನೇ. ಬಾಟಲೀಲಿ ಕೊರತೆ ಇತ್ತು ಅಂತಲೇ ಹೇಳು."

"ಹಾಗಂದ್ರೆ ಇವತ್ತೇ ಎಲ್ಲಾ ತೆಗೆಸಬೇಕಾಗ್ತದೆ! ನಿಮಗೆ ಅರ್ಥ ಆಗ್ತಿದೆಯಾ? ಈ ಚಳೀಲಿ, ಈ ಮಕ್ಕಳನ್ನ..." ಇಕ್ರಾಮ್ ದನಿ ತಗ್ಗಿಸಿದ. "ಒಬ್ಬ ಮುದುಕಿಯ ಮನಸ್ಸಿಗೆ ಇಷ್ಟು ಮಕ್ಕಳ ಉಸಿರು ಕೊಡ್ತೀರಾ?"

ಅದು ಸರಿಯಾಗಿಯೇ ತಾಗಿತು. ಬೆಳಗ್ಗಿನಿಂದ ಅವಳೂ ತನ್ನನ್ನು ತಾನೇ ಕೇಳಿಕೊಂಡದ್ದು ಅದನ್ನೇ. ಕೈಗಳನ್ನು ಒಂದರೊಳಗೊಂದು ಹಿಸುಕಿಕೊಂಡಳು. ಕಾದ ಕಡ್ಡಿ ತಾಗಿದ ಬೆರಳು ಉರಿಯುತ್ತಿತ್ತು.

"ತೂತಿಲ್ಲದ್ದನ್ನ ತೆಗೆಸು. ನೀನು ಬೇಡ, ನಾನೇ ತೆಗೀತೀನಿ, ಸಂಜೆಯೊಳಗೆ. ತೂತಿರೋದನ್ನ ಇಲ್ಲೇ ನಿಂತು ನೋಡು. ಬೇಕಾದ್ರೆ ನೀನೇ ಬಿಂದಿಗೆಗಟ್ಟಲೆ ನೀರು ಸುರಿ. ಆಮೇಲೆ ಹೋಗಿ ಹೇಳು: ಮೊದಲಿನದು ಕೆಟ್ಟದ್ದಾಗಿತ್ತು, ಈಗಿನದು ಸರಿ ಇದೆ ಅಂತ. ಅಷ್ಟು ಹೇಳೋಕಾಗಲ್ವಾ?"

"ಸರಿ ಇದೆ ಅಂತ ಹೇಗೆ ಹೇಳಲಿ? ಬೆಳಗ್ಗೆ ತೂತು ಮಾಡಿದೀರ, ಮಧ್ಯಾಹ್ನ ನಾನು ಬಂದಿದೀನಿ. ನಾಳೆ ಆ ಕಿಟಕಿ ಪಕ್ಕದ ಮಗುಗೇ ಏನಾದ್ರೂ ಆದ್ರೆ? ಆಗ ಯಾರು ಹೊಣೆ ಆಪಾ? ನೀವಾ? ನಾನಾ? ನನಗೂ ಹೆಂಡತಿ ಮಕ್ಕಳಿದಾರೆ, ಕೆಲಸ ಹೋದ್ರೆ..."

ಜೋಬೈದಾ ತಲೆಯೆತ್ತಿದಳು.

ಬೆನ್ನ ಹಿಂದಿನ ಕಿಟಕಿಯಲ್ಲಿ ಗುಳ್ಳೆಗಳ ಸದ್ದು ನಿಂತಿತ್ತು. ದಪ್ಪಗಾಗಿರಲಿಲ್ಲ, ತಡೆದಿರಲಿಲ್ಲ, ಸುಮ್ಮನೆ ನಿಂತೇಬಿಟ್ಟಿತ್ತು. ಉಳಿದ ಬಾಟಲಿಗಳೆಲ್ಲ ತಮ್ಮ ಪಾಡಿಗೆ ಕುದಿಯುತ್ತಿದ್ದವು. ಅವುಗಳ ನಡುವೆ ಆ ಒಂದು ಮೌನ, ಬಿದ್ದುಹೋದ ಹಲ್ಲಿನ ಜಾಗದಂತೆ.

ಗುಳ್ಳೆ ನಿಲ್ಲುವುದಕ್ಕೆ ಕಾರಣಗಳು ಹೆಚ್ಚಿಲ್ಲ. ಮೂಗಿನ ನಳಿಕೆ ಜಾರಿರಬೇಕು. ಇಲ್ಲವೇ ಮಗು ಅಳಲು ಬಾಯಿ ತೆರೆದಿರಬೇಕು, ಉಸಿರೆಲ್ಲ ಬಾಯಿಂದ ಹೋಗುತ್ತಿರಬೇಕು. ಇಲ್ಲವೇ ಹೊರಗೆ ಬಿಡಲು ಉಸಿರೇ ಇಲ್ಲದಿರಬೇಕು.

"...ಅದಕ್ಕೇ ನಾನು ಕೇಳ್ತಿರೋದು," ಇಕ್ರಾಮ್ ಇನ್ನೂ ಹೇಳುತ್ತಿದ್ದ, "ಆ ಅಜ್ಜಿಯಿಂದ ಒಂದೇ ಒಂದು ಮಾತು, ಯಾರಿಗೂ ಗೊತ್ತಾಗದ ಹಾಗೆ, ನಾನೇ ಮೆತ್ತಗೆ..."

ಅವಳು ಆಗಲೇ ಎದ್ದಿದ್ದಳು. ಹಿಂದಿರುಗಿ ನೋಡಲಿಲ್ಲ. ಚಹಾದವಳ ಒಲೆ ದಾಟಿ, ಬಾಗಿಲು ದಾಟಿ ನಡೆದಳು. ಇಂದು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಲಿಲ್ಲ.

"ಆಪಾ! ನಾನು ಮಾತಾಡ್ತಾ ಇದೀನಿ!"

ಅವನ ಕೂಗಿನ ಅಡಿಯಲ್ಲಿ, ಬೆಕ್ಕಿನ ಮರಿಯದೇನೋ ಎನ್ನುವಷ್ಟು ಸಣ್ಣದಾಗಿ, ಒರಟಾಗಿ, ಸಿಟ್ಟಿನಿಂದ, ಕಿಟಕಿಯ ಕಡೆಯಿಂದ ಒಂದು ಅಳುವ ದನಿ ಎದ್ದಿತು. ಹಿಂದೆಯೇ ಮುದುಕಿಯದು: "ಡಾಕ್ಟರ್ ಮಾ! ಓ ಡಾಕ್ಟರ್ ಮಾ!" ಅದು ಸಂತೋಷವೋ ಗಾಬರಿಯೋ ಜಗುಲಿಯಲ್ಲಿ ನಿಂತ ಇಕ್ರಾಮನಿಗೆ ತಿಳಿಯಲಿಲ್ಲ. ಜೋಬೈದಾಳ ಹೆಜ್ಜೆಗಳು ನಿಲ್ಲಲಿಲ್ಲ, ಹಾಸಿಗೆಗಳ ನಡುವೆ ಇನ್ನೂ ಬಿರುಸಾದವು.